ಲ್ಯಾಪ್‌ಟಾಪ್‌ನಲ್ಲಿ ಒತ್ತಕ್ಷರ ಸರಿ, ಸರ್ವರ್‌ನಲ್ಲಿ ಚೆಲ್ಲಾಪಿಲ್ಲಿ. ಎಲ್‌ಡಿಡಿ ಮಾತ್ರ ‘ಎಲ್ಲ ಸಿಕ್ಕಿದೆ’ ಅನ್ನುತ್ತಿದೆ

ಮೇಷ್ಟ್ರು_ಸಾಗರ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ಹೈಸ್ಕೂಲಿನಲ್ಲಿ ಗಣಿತ ಪಾಠ ಮಾಡುತ್ತೇನೆ. ಪೈಥಾನ್ ನಾನಾಗಿಯೇ ಕಲಿತದ್ದು. ಶಾಲೆಯ ಬಹುಮಾನ ಪತ್ರಗಳಿಗೆ ಮಕ್ಕಳ ಹೆಸರು ತುಂಬಲು ಒಂದು ಸಣ್ಣ ಪ್ರೋಗ್ರಾಂ ಬರೆದುಕೊಂಡಿದ್ದೇನೆ. ಎಕ್ಸೆಲ್ ಹಾಳೆಯಿಂದ ಹೆಸರು ಓದುತ್ತದೆ, ಖಾಲಿ ಪತ್ರದ ಚಿತ್ರದ ಮೇಲೆ ಪಿಲ್ಲೋ (ಪೈಥಾನ್‌ನ ಚಿತ್ರ ಲೈಬ್ರರಿ) ಬಳಸಿ ಬರೆಯುತ್ತದೆ, ಅಷ್ಟೇ. ನನ್ನ ಲ್ಯಾಪ್‌ಟಾಪ್‌ನಲ್ಲಿ ಉಬುಂಟು 22.04 ಇದೆ. ಅದರಲ್ಲಿ ಅಚ್ಚುಕಟ್ಟಾಗಿ ಬರುತ್ತದೆ.

ಅಕ್ಕಪಕ್ಕದ ಶಾಲೆಯವರೂ ಬೇಕು ಅಂದರು. ಹಾಗಾಗಿ ಒಂದು ಬಾಡಿಗೆ ಸರ್ವರ್ ತೆಗೆದುಕೊಂಡು ಡಾಕರ್‌ನಲ್ಲಿ (ಪ್ರೋಗ್ರಾಂ, ಅದಕ್ಕೆ ಬೇಕಾದ್ದನ್ನೆಲ್ಲ ಒಂದೇ ಕಟ್ಟಾಗಿ ಓಡಿಸುವ ಸಾಧನ) ಹಾಕಿದೆ. ಇಮೇಜ್, ಅಂದರೆ ಆ ಕಟ್ಟಿನ ಬುಡ, ಪೈಥಾನ್ 3.12 ಸ್ಲಿಮ್. ಪಿಲ್ಲೋ ಆವೃತ್ತಿ ಎರಡೂ ಕಡೆ ಒಂದೇ. ಫಾಂಟ್ ಕೂಡ ಒಂದೇ, ನೋಟೋ ಸ್ಯಾನ್ಸ್ ಕನ್ನಡದ ಫೈಲನ್ನು ಪ್ರೋಗ್ರಾಂ ಜೊತೆಯಲ್ಲೇ ಇಟ್ಟಿದ್ದೇನೆ.

ಆದರೆ ಸರ್ವರ್‌ನಲ್ಲಿ ‘ಲಕ್ಷ್ಮಿ’ ಹೋಗಿ ‘ಲಕ್‌ಷ್‌ಮಿ’ ಥರ ಬರುತ್ತಿದೆ. ಕೊನೆಯ ಗುಡಿಸು ‘ಮ’ಕ್ಕೆ ಅಂಟದೆ ಪಕ್ಕದಲ್ಲಿ ಬೇರೆಯಾಗಿ ನಿಂತಿದೆ. ‘ಕರ್ನಾಟಕ ರಾಜ್ಯೋತ್ಸವ’ದಲ್ಲಿ ಅರ್ಕಾವತ್ತೂ ಇಲ್ಲ, ಒತ್ತುಗಳೂ ಇಲ್ಲ. ಎರರ್ ಮಾತ್ರ ಒಂದೂ ಇಲ್ಲ. ಪ್ರೋಗ್ರಾಂ ಖುಷಿಯಾಗಿ ಓಡಿ ಮುಗಿಯುತ್ತದೆ.

ಯಾವುದೋ ಲೈಬ್ರರಿ ಇಲ್ಲವೇನೋ ಅಂತ ಪಿಲ್ಲೋ ಫೋಲ್ಡರ್‌ನಲ್ಲಿರುವ _ಇಮೇಜಿಂಗ್‌ಎಫ್‌ಟಿ ಎಂಬ ಎಸ್‌ಓ ಫೈಲ್ (ಲೈಬ್ರರಿ ಫೈಲ್) ಮೇಲೆ ಎಲ್‌ಡಿಡಿ (ಬೇಕಾದ ಲೈಬ್ರರಿಗಳ ಪಟ್ಟಿ ತೋರಿಸುವ ಆಜ್ಞೆ) ಓಡಿಸಿ ನೋಡಿದೆ. ‘ನಾಟ್ ಫೌಂಡ್’ ಅಂತ ಒಂದು ಸಾಲೂ ಬರಲಿಲ್ಲ. ಎಲ್ಲ ಸಿಕ್ಕಿದೆ ಅಂದ ಮೇಲೆ ಕಾಣೆಯಾಗಿರುವುದು ಏನು?

ಫಾಂಟ್_ಹುಚ್ಚ

ಸ್ಲಿಮ್ ಇಮೇಜ್‌ನಲ್ಲಿ ಫಾಂಟ್‌ಗಳೇ ಇರುವುದಿಲ್ಲ. ನೋಟೋ ಪ್ಯಾಕೇಜ್ ಹಾಕಿ ನೋಡಿ. ಲೊಕೇಲ್ ಕೂಡ ಕನ್ನಡಕ್ಕೆ ಬದಲಾಯಿಸಿ.

ಮೇಷ್ಟ್ರು_ಸಾಗರ

ಎರಡೂ ಮಾಡಿದೆ ಸರ್, ಏನೂ ಬದಲಾಗಲಿಲ್ಲ. ಅಕ್ಷರಗಳು ನೋಟೋ ಫಾಂಟಿನದ್ದೇ, ಆಕಾರ ನೋಡಿದರೆ ಗೊತ್ತಾಗುತ್ತದೆ. ಕೂಡಿಕೊಳ್ಳುತ್ತಿಲ್ಲ ಅಷ್ಟೇ.

ಹಳೇ_ಟರ್ಮಿನಲ್

ಮೇಷ್ಟ್ರೇ, ಫಾಂಟ್ ಬಿಡಿ. ಡಾಕರ್‌ಫೈಲ್‌ನಲ್ಲಿ ‘ಎಪಿಟಿ-ಗೆಟ್ ಇನ್‌ಸ್ಟಾಲ್’ ಸಾಲಿಗೆ ಲಿಬ್‌ಫ್ರಿಬಿಡಿ0 ಅನ್ನುವ ಪ್ಯಾಕೇಜ್ ಸೇರಿಸಿ, ಇಮೇಜ್ ಮತ್ತೆ ಕಟ್ಟಿ. ಒತ್ತಕ್ಷರ ಕೂಡಿಕೊಳ್ಳುತ್ತದೆ. ಕೆಲಸ ಆದರೆ ಸಾಕು ಅನ್ನುವವರು ಇಲ್ಲಿಗೇ ನಿಲ್ಲಿಸಬಹುದು.

ನೀವು ಎಲ್‌ಡಿಡಿ ತನಕ ಹೋಗಿದ್ದೀರಿ, ಹಾಗಾಗಿ ಉಳಿದದ್ದನ್ನೂ ಬರೆಯುತ್ತೇನೆ. ಆಜ್ಞೆಗಳನ್ನೆಲ್ಲ ಕನ್ನಡದಲ್ಲೇ ಬರೆದಿದ್ದೇನೆ, ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರದಲ್ಲಿ ಹಾಕಿಕೊಳ್ಳಿ. ಎಲ್‌ಡಿ_ ಅಂತ ಶುರುವಾಗುವವೆಲ್ಲ ದೊಡ್ಡಕ್ಷರ.

ನೀವು ಪೈಥಾನ್ ಅಂತ ಟೈಪ್ ಮಾಡಿ ಎಂಟರ್ ಒತ್ತಿದಾಗ ಕರ್ನಲ್ (ಲಿನಕ್ಸ್‌ನ ತಿರುಳು) ಮಾಡುವ ಕೆಲಸ ಬಹಳ ಕಡಿಮೆ. ಫೈಲಿನ ಮೊದಲ ನಾಲ್ಕು ಬೈಟ್ ನೋಡುತ್ತದೆ. ಹೆಕ್ಸ್‌ನಲ್ಲಿ 7ಎಫ್, ಆಮೇಲೆ ಇ, ಎಲ್, ಎಫ್ ಅಂತ ಇದ್ದರೆ ಇದು ಎಲ್ಫ್ ಫೈಲ್ ಅಂತ ಲೆಕ್ಕ. ಅದರೊಳಗೆ ‘ಇಂಟರ್ಪ್’ ಅನ್ನುವ ಒಂದು ಜಾಗದಲ್ಲಿ ಇನ್ನೊಂದು ಫೈಲಿನ ಪೂರ್ತಿ ದಾರಿ ಬರೆದಿರುತ್ತದೆ. ನಮ್ಮ 64 ಬಿಟ್ ಇಂಟೆಲ್ ಮೆಷಿನ್‌ಗಳಲ್ಲಿ ಅದು /ಲಿಬ್64/ಎಲ್‌ಡಿ-ಲಿನಕ್ಸ್-ಎಕ್ಸ್86-64.ಎಸ್‌ಓ.2. ಇದೇ ಲೋಡರ್. ಕರ್ನಲ್ ನಿಮ್ಮ ಪ್ರೋಗ್ರಾಂ ಮತ್ತು ಲೋಡರ್ ಎರಡನ್ನೂ ಮೆಮೊರಿಗೆ ಜೋಡಿಸಿ, ಓಡುವ ಸರದಿಯನ್ನು ಲೋಡರ್ ಕೈಗೆ ಕೊಟ್ಟು ಪಕ್ಕಕ್ಕೆ ಸರಿಯುತ್ತದೆ. ಲಿಬ್‌ಸಿ (ಹೆಚ್ಚಿನ ಪ್ರೋಗ್ರಾಂಗಳು ಬಳಸುವ ಮೂಲ ಲೈಬ್ರರಿ) ಅಂತ ಒಂದು ಇದೆ ಅನ್ನುವುದು ಕೂಡ ಅದಕ್ಕೆ ಗೊತ್ತಿಲ್ಲ. ಲೈಬ್ರರಿ ಹುಡುಕುವುದು, ಜೋಡಿಸುವುದು, ಎಲ್ಲವೂ ಮಾಮೂಲಿ ಪ್ರೋಗ್ರಾಂ ಹಾಗೆಯೇ ಓಡುವ ಈ ಲೋಡರ್‌ನ ತಲೆನೋವು.

ಲೋಡರ್ ಮೊದಲು ಪ್ರೋಗ್ರಾಂನೊಳಗಿನ ‘ನೀಡೆಡ್’ ಸಾಲುಗಳನ್ನು ಓದುತ್ತದೆ. ಅಲ್ಲಿ ಬರೀ ಹೆಸರಿರುತ್ತದೆ, ದಾರಿ ಇರುವುದಿಲ್ಲ. ಲಿಬ್‌ಸಿ.ಎಸ್‌ಓ.6, ಲಿಬ್‌ಎಂ.ಎಸ್‌ಓ.6, ಹೀಗೆ. ಸಿಕ್ಕ ಪ್ರತಿ ಲೈಬ್ರರಿಗೂ ಅದರದ್ದೇ ನೀಡೆಡ್ ಸಾಲುಗಳು ಇರುತ್ತವೆ, ಅವನ್ನೂ ಓದುತ್ತದೆ. ಹುಡುಕುವುದಕ್ಕೆ ಒಂದು ಕ್ರಮವಿದೆ. ಫೈಲಿನೊಳಗೆ ಬರೆದ ಆರ್‌ಪಾತ್ ಮೊದಲು, ಆಮೇಲೆ ಎಲ್‌ಡಿ_ಲೈಬ್ರರಿ_ಪಾತ್, ಆಮೇಲೆ ರನ್‌ಪಾತ್, ಆಮೇಲೆ /ಇಟಿಸಿ/ಎಲ್‌ಡಿ.ಎಸ್‌ಓ.ಕ್ಯಾಶ್ ಅನ್ನುವ ಫೈಲ್, ಕೊನೆಗೆ /ಲಿಬ್ ಮತ್ತು /ಯುಎಸ್‌ಆರ್/ಲಿಬ್. ರನ್‌ಪಾತ್ ಇದ್ದರೆ ಆರ್‌ಪಾತ್‌ಗೆ ಬೆಲೆ ಇಲ್ಲ. ಆ ಕ್ಯಾಶ್ ಫೈಲನ್ನು ಕಟ್ಟುವುದು ಎಲ್‌ಡಿಕಾನ್ಫಿಗ್. ಅದಕ್ಕೇ /ಯುಎಸ್‌ಆರ್/ಲೋಕಲ್/ಲಿಬ್‌ಗೆ ಕೈಯಾರೆ ಏನಾದರೂ ಹಾಕಿದರೆ ‘ಸುಡೋ ಎಲ್‌ಡಿಕಾನ್ಫಿಗ್’ ಓಡಿಸಿ ಅನ್ನುವುದು. ಓಡಿಸದಿದ್ದರೆ ಫೈಲ್ ಕಣ್ಣೆದುರಿಗೇ ಇರುತ್ತದೆ, ಲೋಡರ್ ಮಾತ್ರ ಇಲ್ಲ ಅನ್ನುತ್ತಿರುತ್ತದೆ.

ಎಲ್‌ಡಿಡಿ ತೋರಿಸುವುದು ಇಷ್ಟನ್ನೇ. ಅದು ಬೇರೆ ಏನೋ ದೊಡ್ಡ ಪರೀಕ್ಷೆ ಮಾಡುವ ಸಾಧನ ಅಂದುಕೊಂಡವರು ಜಾಸ್ತಿ. ಅದೊಂದು ಶೆಲ್ ಸ್ಕ್ರಿಪ್ಟ್. ಅದೇ ಲೋಡರ್‌ಗೆ ಒಂದು ವೇರಿಯಬಲ್ ಕೊಟ್ಟು, ‘ಓಡಿಸಬೇಡ, ಪಟ್ಟಿ ಹೇಳಿ ಸುಮ್ನಾಗು’ ಅನ್ನುತ್ತದೆ. (ಯಾರೋ ಕಳಿಸಿದ ಗುರುತಿಲ್ಲದ ಫೈಲ್ ಮೇಲೆ ಎಲ್‌ಡಿಡಿ ಓಡಿಸಬೇಡಿ. ಕೆಲವು ಸಂದರ್ಭದಲ್ಲಿ ಆ ಫೈಲೇ ಓಡಿಬಿಡುವ ಸಾಧ್ಯತೆ ಇದೆ. ‘ಆಬ್ಜ್‌ಡಂಪ್ -ಪಿ’ ಹಾಕಿ ನೀಡೆಡ್ ಸಾಲು ನೋಡಿದರೆ ಅಪಾಯವಿಲ್ಲ.)

ಈಗ ನಿಮ್ಮ ಪಿಲ್ಲೋಗೆ ಬರೋಣ. ಪೈಥಾನ್‌ಗೆ ನೇರವಾಗಿ ಎಲ್‌ಡಿಡಿ ಹಾಕಿದರೆ ಪಿಲ್ಲೋ ಸುದ್ದಿಯೇ ಬರುವುದಿಲ್ಲ. ಸಿ ಭಾಷೆಯ ಮಾಡ್ಯೂಲನ್ನು ಇಂಪೋರ್ಟ್ ಮಾಡಿದಾಗ ಪೈಥಾನ್ ಒಳಗಿಂದ ಕರೆಯುವುದು ಡಿಎಲ್‌ಓಪನ್ ಅನ್ನುವ ಫಂಕ್ಷನ್. ಓಡುತ್ತಿರುವಾಗಲೇ ಲೋಡರನ್ನು ಮತ್ತೆ ಕರೆದು ‘ಇದೊಂದನ್ನೂ ತಂದು ಸೇರಿಸು’ ಅನ್ನುವುದು. ನೀವು ಸರಿಯಾಗಿ _ಇಮೇಜಿಂಗ್‌ಎಫ್‌ಟಿ ಫೈಲಿಗೇ ಎಲ್‌ಡಿಡಿ ಹಾಕಿದಿರಿ, ಅದು ಒಳ್ಳೆಯ ಯೋಚನೆ. ಆಗ ಬಂದ ದಾರಿಗಳನ್ನು ಗಮನಿಸಿದಿರಾ? ಪಿಲ್ಲೋ.ಲಿಬ್ಸ್ ಅನ್ನುವ ಫೋಲ್ಡರ್ ಕಡೆ ತೋರಿಸುತ್ತಿರಬೇಕು, ಫೈಲ್ ಹೆಸರುಗಳ ಮಧ್ಯೆ ಅರ್ಥವಿಲ್ಲದ ಅಂಕಿ ಅಕ್ಷರ ಸೇರಿಕೊಂಡಿರಬೇಕು.

ಅದು ಪಿಪ್‌ನಿಂದ ಬರುವ ವ್ಹೀಲ್‌ಗಳ (ಮೊದಲೇ ಕಟ್ಟಿಟ್ಟ ಪ್ಯಾಕೇಜ್‌ಗಳ) ರೀತಿ. ಯಾರ ಮೆಷಿನ್‌ನಲ್ಲಿ ಯಾವ ಫ್ರೀಟೈಪ್ (ಫಾಂಟ್ ಓದಿ ಅಕ್ಷರ ಬಿಡಿಸುವ ಲೈಬ್ರರಿ) ಇದೆಯೋ ಯಾರಿಗೆ ಗೊತ್ತು? ಹಾಗಾಗಿ ಬೇಕಾದ ಲೈಬ್ರರಿಗಳನ್ನು ಜೊತೆಗೇ ಕಟ್ಟಿ ಕಳಿಸುತ್ತಾರೆ. ಫೈಲಿನೊಳಗಿನ ಹುಡುಕುವ ದಾರಿಯನ್ನು ‘$ಒರಿಜಿನ್’ ಅಂತ ಶುರುಮಾಡುತ್ತಾರೆ. ಅಂದರೆ ‘ನಾನು ಇರುವ ಫೋಲ್ಡರ್‌ನಿಂದ ಎಣಿಸು’ ಅಂತ. ಹೆಸರಿಗೆ ಆ ವಿಚಿತ್ರ ಬಾಲ ಯಾಕೆ ಅಂದರೆ, ಒಂದೇ ಹೆಸರಿನ ಲೈಬ್ರರಿ ಆಗಲೇ ಮೆಮೊರಿಯಲ್ಲಿದ್ದರೆ ಲೋಡರ್ ಎರಡನೆಯದನ್ನು ತರುವುದಿಲ್ಲ, ಇರುವುದನ್ನೇ ಕೊಡುತ್ತದೆ. ಬೇರೆ ಯಾವುದೋ ಮಾಡ್ಯೂಲ್ ತನ್ನ ಹಳೇ ಫ್ರೀಟೈಪ್ ತಂದಿಟ್ಟಿದ್ದರೆ ಪಿಲ್ಲೋ ಅದಕ್ಕೆ ಸಿಕ್ಕಿಹಾಕಿಕೊಳ್ಳಬಾರದಲ್ಲ, ಅದಕ್ಕೆ.

ಪಿಲ್ಲೋ ಒಳಗೆ ಅಕ್ಷರ ಜೋಡಿಸುವುದಕ್ಕೆ ಎರಡು ದಾರಿಗಳಿವೆ. ಒಂದು ‘ಬೇಸಿಕ್’. ಯೂನಿಕೋಡ್‌ನ ಒಂದೊಂದು ಸಂಕೇತಕ್ಕೆ ಫಾಂಟ್‌ನಲ್ಲಿ ಯಾವ ಚಿತ್ರವಿದೆಯೋ ಅದನ್ನು ಸಾಲಾಗಿ ಇಡುತ್ತಾ ಹೋಗುತ್ತದೆ. ಇಂಗ್ಲಿಷಿಗೆ ಸಾಕು. ಕನ್ನಡಕ್ಕೆ ನೀವು ನೋಡಿದ ಗತಿ. ಇನ್ನೊಂದು ‘ರಕ್ಮ್’. ಅದು ಹಾರ್ಫ್‌ಬಜ್‌ಗೆ ಕೆಲಸ ಒಪ್ಪಿಸುತ್ತದೆ. ಫಾಂಟಿನೊಳಗೆ ಇರುವ ನಿಯಮಗಳನ್ನು ಓದಿ ಕ್ಷ, ಷ್ಮ ಕೂಡಿಸುವುದು, ರ್ನಾ ಬಂದಾಗ ಅರ್ಕಾವತ್ತನ್ನು ಹಿಂದಕ್ಕೆ ತಳ್ಳುವುದು, ಗುಡಿಸು ಕೂಡಿದ ಅಕ್ಷರಕ್ಕೆ ಅದರದ್ದೇ ಆಕಾರ ತರುವುದು, ಇದೆಲ್ಲ ಹಾರ್ಫ್‌ಬಜ್ ಮಾಡುತ್ತದೆ.

ರಕ್ಮ್‌ಗೆ ಮೂರು ಲೈಬ್ರರಿ ಬೇಕು: ಫ್ರೀಟೈಪ್, ಹಾರ್ಫ್‌ಬಜ್, ಫ್ರಿಬಿಡಿ. ಮೊದಲೆರಡು ನಿಮ್ಮ ವ್ಹೀಲ್ ಒಳಗೇ ಇವೆ, ಎಲ್‌ಡಿಡಿ ತೋರಿಸಿದ್ದೂ ಅವನ್ನೇ. ಮೂರನೆಯದು ಒಳಗಿಲ್ಲ, ನೀಡೆಡ್ ಸಾಲಿನಲ್ಲೂ ಇಲ್ಲ. 2021ರಲ್ಲಿ ಬಂದ ಪಿಲ್ಲೋ 8.2ರಿಂದ ಹೀಗೆ ಮಾಡಿದ್ದಾರೆ. ಮಾಡ್ಯೂಲ್ ಶುರುವಾಗುವಾಗ ಡಿಎಲ್‌ಓಪನ್ ಕರೆದು ಲಿಬ್‌ಫ್ರಿಬಿಡಿ.ಎಸ್‌ಓ, ಲಿಬ್‌ಫ್ರಿಬಿಡಿ.ಎಸ್‌ಓ.0 ಅನ್ನುವ ಹೆಸರುಗಳಿಗೆ ಹುಡುಕುತ್ತದೆ. ಸಿಕ್ಕಿದರೆ ರಕ್ಮ್ ಚಾಲೂ. ಸಿಗದಿದ್ದರೆ ರಕ್ಮ್ ಬಂದ್, ಬೇಸಿಕ್ ಸಾಕು ಅಂತ ಮುಂದೆ ಹೋಗುತ್ತದೆ. ಅದಕ್ಕೇ ನಿಮಗೆ ಎರರ್ ಬರಲಿಲ್ಲ.

ಮದುವೆ ಮನೆಯ ಅಡುಗೆ ಭಟ್ಟರು ಮುಂಚೆಯೇ ಸಾಮಾನಿನ ಪಟ್ಟಿ ಬರೆದುಕೊಡುತ್ತಾರಲ್ಲ, ನೀಡೆಡ್ ಅಂದರೆ ಅದು. ಅದರಲ್ಲಿ ಬೇಳೆ ಇಲ್ಲ ಅಂದರೆ ಒಲೆಯನ್ನೇ ಹಚ್ಚುವುದಿಲ್ಲ. ಡಿಎಲ್‌ಓಪನ್ ಅಂದರೆ ಒಲೆ ಮುಂದೆ ನಿಂತ ಮೇಲೆ ‘ಚೂರು ಇಂಗು ಇದೆಯಾ’ ಅಂತ ಕೇಳುವುದು. ಇಲ್ಲ ಅಂದರೆ ಇಂಗಿಲ್ಲದೆಯೇ ಒಗ್ಗರಣೆ ಬೀಳುತ್ತದೆ. ನೀವು ಪಟ್ಟಿ ಹಿಡಿದು ಎಷ್ಟು ಸಲ ಪರಿಶೀಲಿಸಿದರೂ ಇಂಗು ಅದರಲ್ಲಿ ಕಾಣುವುದಿಲ್ಲ.

ಇನ್ನೂ ತಮಾಷೆ ಅಂದರೆ, ಫ್ರಿಬಿಡಿ ಇರುವುದು ಅರಬ್ಬಿ, ಹೀಬ್ರೂ ಥರ ಬಲದಿಂದ ಎಡಕ್ಕೆ ಬರೆಯುವ ಭಾಷೆಗಳಿಗೆ. ಎಡಬಲ ಬೆರೆತ ಸಾಲಿನಲ್ಲಿ ಯಾವ ತುಂಡು ಯಾವ ಕಡೆಗೆ ಅಂತ ತೀರ್ಮಾನಿಸುತ್ತದೆ. ಕನ್ನಡಕ್ಕೆ ಅದರಿಂದ ಆಗಬೇಕಾದ್ದು ಏನೂ ಇಲ್ಲ. ಆದರೆ ಅದಿಲ್ಲದೆ ರಕ್ಮ್ ಏಳುವುದಿಲ್ಲ, ರಕ್ಮ್ ಏಳದಿದ್ದರೆ ಪಕ್ಕದಲ್ಲೇ ಇರುವ ಹಾರ್ಫ್‌ಬಜ್‌ನ ಮಾತು ಕೇಳುವವರಿಲ್ಲ. ಅರಬ್ಬಿ ಸಾಮಾನು ಇಲ್ಲ ಅಂತ ನಮ್ಮ ಲಕ್ಷ್ಮಿ ಮುರಿದುಬಿದ್ದಿದ್ದಾಳೆ.

ಲ್ಯಾಪ್‌ಟಾಪ್‌ನಲ್ಲಿ ಸರಿಯಿದ್ದದ್ದು ಯಾಕೆ? ಅಲ್ಲಿ ಡೆಸ್ಕ್‌ಟಾಪ್ ಇದೆ. ಗ್ನೋಮ್‌ನ ಮೆನು, ಗುಂಡಿ, ಎಲ್ಲದರ ಅಕ್ಷರ ಬರೆಯುವುದು ಪ್ಯಾಂಗೋ, ಪ್ಯಾಂಗೋಗೆ ಫ್ರಿಬಿಡಿ ಬೇಕೇ ಬೇಕು. ಹಾಗಾಗಿ ನೀವು ಕೇಳದೆಯೇ ಅದು ಬಂದು ಕೂತಿದೆ. ಸ್ಲಿಮ್ ಇಮೇಜ್‌ನಲ್ಲಿ ಮೆನು ನೋಡುವವರು ಯಾರಿದ್ದಾರೆ?

ಮುಂದೆ ಇಂಥದ್ದು ಬಂದರೆ ಪಟ್ಟಿ ಕೇಳಬೇಡಿ, ಲೋಡರ್ ಹುಡುಕುತ್ತಿರುವಾಗಲೇ ಹಿಡಿಯಿರಿ. ‘ಎಲ್‌ಡಿ_ಡಿಬಗ್=ಲಿಬ್ಸ್ ಪೈಥಾನ್ ಪತ್ರ.ಪಿವೈ’ ಅಂತ ಓಡಿಸಿ. ‘ಫೈಂಡ್ ಲೈಬ್ರರಿ=ಲಿಬ್‌ಫ್ರಿಬಿಡಿ.ಎಸ್‌ಓ.0; ಸರ್ಚಿಂಗ್’ ಅಂತ ಒಂದು ಸಾಲು, ಅದರ ಕೆಳಗೆ ‘ಟ್ರೈಯಿಂಗ್ ಫೈಲ್=’ ಅಂತ ಎಲ್ಲೆಲ್ಲಿ ತಡಕಾಡಿತು ಅನ್ನುವುದು ಬರುತ್ತದೆ. ರಾಶಿ ಬರುತ್ತದೆ, ಗ್ರೆಪ್ ಹಾಕಿ ಬೇಕಾದ ಸಾಲು ಸೋಸಿಕೊಳ್ಳಿ. ಎಲ್‌ಡಿ_ಡಿಬಗ್ ಮಾತು ಎರರ್ ದಾರಿಯಲ್ಲಿ ಬರುವುದರಿಂದ ‘2>&1’ ಹಾಕಿ ಆಮೇಲೆ ಗ್ರೆಪ್. ಆಗಲೇ ಓಡುತ್ತಿರುವ ಪ್ರೋಗ್ರಾಂ ಆದರೆ /ಪ್ರಾಕ್ ಕೆಳಗೆ ಅದರ ಪಿಐಡಿ ಫೋಲ್ಡರ್‌ನಲ್ಲಿ ‘ಮ್ಯಾಪ್ಸ್’ ಫೈಲ್ ಓದಿ. ಈ ಕ್ಷಣಕ್ಕೆ ಯಾವ ಲೈಬ್ರರಿ ಯಾವ ದಾರಿಯಿಂದ ಬಂದಿದೆ ಅಂತ ಅಲ್ಲಿ ಇರುತ್ತದೆ. ನಾನು ಎಲ್‌ಡಿಡಿಗಿಂತ ಇದನ್ನೇ ಜಾಸ್ತಿ ನಂಬುತ್ತೇನೆ.

ಪಿಲ್ಲೋಗೆ ಮಾತ್ರ ಅಂದರೆ ಇನ್ನೂ ಸುಲಭ. ಪಿಐಎಲ್‌ನ ಫೀಚರ್ಸ್ ಮಾಡ್ಯೂಲ್‌ನಲ್ಲಿ ಚೆಕ್ ಫಂಕ್ಷನ್‌ಗೆ ‘ರಕ್ಮ್’ ಕೊಡಿ. ಟ್ರೂ ಅಥವಾ ಫಾಲ್ಸ್ ಹೇಳುತ್ತದೆ. ಜೊತೆಗೆ ನೀವು ಟೆಕ್ಸ್ಟ್ ಬರೆಯುವ ಕಡೆ ಲ್ಯಾಂಗ್ವೇಜ್='ಕೆಎನ್' ಅಂತ ಸೇರಿಸಿಬಿಡಿ. ರಕ್ಮ್ ಇಲ್ಲದ ಕಡೆ ಅದು ತೆಪ್ಪಗಿರದೆ ಕೀಎರರ್ ಎಸೆದು ನಿಲ್ಲುತ್ತದೆ. ಮುರಿದ ಹೆಸರಿನ ಬಹುಮಾನ ಪತ್ರ ಪ್ರಿಂಟ್ ಆಗಿ ಮಗುವಿನ ಕೈಗೆ ಹೋಗುವುದಕ್ಕಿಂತ ಪ್ರೋಗ್ರಾಂ ಬೀಳುವುದೇ ಒಳ್ಳೆಯದು, ಅಲ್ವಾ?

ಮೇಷ್ಟ್ರು_ಸಾಗರ

ಸರ್, ಆಯಿತು! ರಕ್ಮ್ ಚೆಕ್ ಈಗ ಟ್ರೂ. ಎಲ್ಲ ಹೆಸರೂ ಸರಿ ಬಂದಿವೆ. ಲ್ಯಾಂಗ್ವೇಜ್ ಸಾಲನ್ನೂ ಹಾಕಿದೆ.

ಇನ್ನೊಂದು ತೊಡಕು. ಗೆಳೆಯರೊಬ್ಬರ ಶಾಲೆಯದು ಹಂಚಿಕೊಂಡ ಹೋಸ್ಟಿಂಗ್. ಅಲ್ಲಿ ರೂಟ್ ಇಲ್ಲ, ಎಪಿಟಿ ಇಲ್ಲ. ನನ್ನ ಲ್ಯಾಪ್‌ಟಾಪ್‌ನಿಂದ ಲಿಬ್‌ಫ್ರಿಬಿಡಿ.ಎಸ್‌ಓ.0 ಫೈಲನ್ನೇ ಪ್ರೋಗ್ರಾಂ ಫೋಲ್ಡರ್‌ಗೆ ನಕಲು ಮಾಡಿದೆ. ಸಿಗಲಿಲ್ಲ. ಪ್ರೋಗ್ರಾಂನ ಮೊದಲ ಸಾಲಿನಲ್ಲೇ ಓಎಸ್.ಎನ್ವಿರಾನ್‌ನಲ್ಲಿ ಎಲ್‌ಡಿ_ಲೈಬ್ರರಿ_ಪಾತ್ ಹೊಂದಿಸಿದೆ. ಆಗಲೂ ಇಲ್ಲ. ಪ್ರಿಂಟ್ ಮಾಡಿ ನೋಡಿದರೆ ವೇರಿಯಬಲ್ ಸರಿಯಾಗೇ ಇದೆ!

ಮತ್ತೊಂದು ಸುಮ್ನೆ ಕುತೂಹಲ. ಹತ್ತು ಜನ ಒಂದೇ ಸಲ ಪತ್ರ ಮಾಡಿಸಿದರೆ ಆ ಲೈಬ್ರರಿ ಮೆಮೊರಿಯಲ್ಲಿ ಹತ್ತು ಸಲ ಕೂರುತ್ತದಾ?

ಹಳೇ_ಟರ್ಮಿನಲ್

ಒಳ್ಳೆಯದಾಯಿತು ಮೇಷ್ಟ್ರೇ.

ಲೋಡರ್ ಎಲ್‌ಡಿ_ಲೈಬ್ರರಿ_ಪಾತ್ ಓದುವುದು ಒಂದೇ ಸಲ, ಪೈಥಾನ್ ಹುಟ್ಟುವ ಹೊತ್ತಿನಲ್ಲಿ. ನಿಮ್ಮ ಮೊದಲ ಸಾಲು ಓಡುವಷ್ಟರಲ್ಲಿ ಆ ಓದು ಮುಗಿದು ಎಷ್ಟೋ ಹೊತ್ತಾಗಿರುತ್ತದೆ. ಆಮೇಲೆ ನೀವು ಬದಲಾಯಿಸಿದ್ದು ನಿಮ್ಮ ಪ್ರೋಗ್ರಾಂ ಹುಟ್ಟಿಸುವ ಬೇರೆ ಪ್ರೋಸೆಸ್‌ಗಳಿಗೆ ಹೋಗುತ್ತದೆ, ನಿಮಗೆ ಉಪಯೋಗವಿಲ್ಲ. ಪೈಥಾನ್ ಶುರುಮಾಡುವ ಶೆಲ್ ಸ್ಕ್ರಿಪ್ಟ್‌ನಲ್ಲಿ ಹಾಕಿ, ಕೆಲಸ ಮಾಡುತ್ತದೆ.

ಇನ್ನು ಪ್ರೋಗ್ರಾಂ ಇರುವ ಫೋಲ್ಡರ್. ಲಿನಕ್ಸ್‌ನ ಲೋಡರ್ ಅಲ್ಲಿ ತಾನಾಗಿ ನೋಡುವುದಿಲ್ಲ, ನೀವು ನಿಂತಿರುವ ಫೋಲ್ಡರ್‌ನಲ್ಲೂ ನೋಡುವುದಿಲ್ಲ. ನೋಡಬಾರದು ಕೂಡ. ನೋಡುವಂತಿದ್ದರೆ ಯಾರೋ /ಟಿಎಂಪಿಯಲ್ಲಿ ಒಂದು ನಕಲಿ ಲಿಬ್‌ಸಿ ಇಟ್ಟು ಕಾಯುತ್ತಿದ್ದರು. ಇಲ್ಲೊಂದು ಹಳ್ಳವಿದೆ, ಎಷ್ಟೋ ಸ್ಕ್ರಿಪ್ಟ್‌ಗಳಲ್ಲಿ ಕಂಡಿದ್ದೇನೆ. ‘ಎಲ್‌ಡಿ_ಲೈಬ್ರರಿ_ಪಾತ್=$ಎಲ್‌ಡಿ_ಲೈಬ್ರರಿ_ಪಾತ್:/ಹೋಮ್/ನಾನು/ಲಿಬ್’ ಅಂತ ಬರೆಯುತ್ತಾರೆ. ಮೊದಲು ವೇರಿಯಬಲ್ ಖಾಲಿ ಇತ್ತು ಅಂದರೆ ಶುರುವಿನಲ್ಲಿ ಬರೀ ಒಂದು ಕೋಲನ್ ಉಳಿಯುತ್ತದೆ. ಖಾಲಿ ಜಾಗ ಅಂದರೆ ‘ನಾನು ನಿಂತಿರುವ ಫೋಲ್ಡರ್’ ಅಂತ ಲೋಡರ್ ಅರ್ಥ ಮಾಡಿಕೊಳ್ಳುತ್ತದೆ. ಬಾಗಿಲು ತೆರೆದಿಟ್ಟ ಹಾಗಾಯಿತು. ಸುಡೋ ಥರದ ಸೆಟ್‌ಯುಐಡಿ (ಫೈಲಿನ ಮಾಲೀಕರ ಅಧಿಕಾರದಲ್ಲಿ ಓಡುವ) ಪ್ರೋಗ್ರಾಂಗಳಲ್ಲಿ ಲೋಡರ್ ಈ ವೇರಿಯಬಲ್‌ಗೆ ಕಿವಿಯನ್ನೇ ಕೊಡುವುದಿಲ್ಲ, ಪುಣ್ಯಕ್ಕೆ.

ಶುರುಮಾಡುವ ಸ್ಕ್ರಿಪ್ಟ್ ನಿಮ್ಮ ಕೈಯಲ್ಲಿ ಇಲ್ಲದಿದ್ದರೆ ಇನ್ನೊಂದು ದಾರಿ ಇದೆ, ನನಗೆ ಇದೇ ಇಷ್ಟ. ಪಿಐಎಲ್ ಇಂಪೋರ್ಟ್ ಮಾಡುವ ಮುಂಚೆ ಸಿಟೈಪ್ಸ್‌ನ ಸಿಡಿಎಲ್ಎಲ್‌ಗೆ ಆ ಫೈಲಿನ ಪೂರ್ತಿ ದಾರಿ ಕೊಟ್ಟು ಲೋಡ್ ಮಾಡಿ. ಹೆಸರಿನಲ್ಲಿ ಓರೆಗೆರೆ ಇದ್ದರೆ ಲೋಡರ್ ಹುಡುಕಲು ಹೋಗುವುದಿಲ್ಲ, ನೇರ ಆ ಫೈಲನ್ನೇ ತರುತ್ತದೆ. ಪ್ರತಿ ಲೈಬ್ರರಿಯ ಒಳಗೂ ಅದರ ಅಧಿಕೃತ ಹೆಸರು ಬರೆದಿರುತ್ತದೆ, ಎಸ್‌ಓನೇಮ್ ಅಂತ. ಇದರದ್ದು ಲಿಬ್‌ಫ್ರಿಬಿಡಿ.ಎಸ್‌ಓ.0. ಆಮೇಲೆ ಪಿಲ್ಲೋ ಅದೇ ಹೆಸರು ಹೇಳಿ ಕೇಳಿದಾಗ ‘ಇದು ಆಗಲೇ ಇದೆಯಲ್ಲ’ ಅಂತ ಲೋಡರ್ ಇರುವುದನ್ನೇ ಕೊಡುತ್ತದೆ. ಮೇಲೆ ಹೇಳಿದ ಅದೇ ನಿಯಮ, ಈ ಸಲ ನಮ್ಮ ಪರವಾಗಿ. ಇಂಪೋರ್ಟ್ ಆದ ಮೇಲೆ ಮಾಡಿದರೆ ಉಪಯೋಗವಿಲ್ಲ, ಪಿಲ್ಲೋ ಎರಡನೇ ಸಲ ಕೇಳುವುದಿಲ್ಲ.

ಒಂದು ಎಚ್ಚರಿಕೆ. ನಿಮ್ಮ ಉಬುಂಟು 22.04ರಲ್ಲಿ ಇರುವುದು ಗ್ಲಿಬ್‌ಸಿ (ಲಿಬ್‌ಸಿಯ ಗ್ನೂ ರೂಪ) 2.35. ಆ ಹೋಸ್ಟಿಂಗ್ ಹಳೆಯದಾದರೆ ‘ವರ್ಷನ್ ಗ್ಲಿಬ್‌ಸಿ_2 ಚುಕ್ಕಿ ಇಷ್ಟು ನಾಟ್ ಫೌಂಡ್’ ಅಂತ ಬೈಯಬಹುದು. ಲಿಬ್‌ಸಿ ಒಳಗಿನ ಫಂಕ್ಷನ್‌ಗಳಿಗೆ ಆವೃತ್ತಿಯ ಚೀಟಿ ಅಂಟಿಸಿರುತ್ತಾರೆ. ಹಳೇ ಪ್ರೋಗ್ರಾಂ ಹೊಸ ಗ್ಲಿಬ್‌ಸಿ ಮೇಲೆ ಓಡುತ್ತದೆ, ಹೊಸದು ಹಳೆಯದರ ಮೇಲೆ ಓಡುವ ಭರವಸೆ ಇಲ್ಲ. ಅದಕ್ಕೇ ವ್ಹೀಲ್ ಕಟ್ಟುವವರು ಬೇಕಂತಲೇ ಹಳೇ ಸಿಸ್ಟಂ ಮೇಲೆ ಕಟ್ಟುತ್ತಾರೆ. ಫೈಲ್ ಹೆಸರಿನಲ್ಲಿ ಮೆನಿಲಿನಕ್ಸ್2014 ಅಂತ ಕಂಡರೆ ಗ್ಲಿಬ್‌ಸಿ 2.17 ಸಾಕು ಅಂತ. ಮೆನಿಲಿನಕ್ಸ್_2_28 ಅಂದರೆ 2.28 ಬೇಕು. ನೀವೂ ಆ ಹೋಸ್ಟಿಂಗ್‌ಗೆ ಹೊಂದುವ ಹಳೇ ಡೆಬಿಯನ್‌ನ ಪ್ಯಾಕೇಜ್‌ನಿಂದ ಫೈಲ್ ತೆಗೆದುಕೊಂಡರೆ ತಲೆನೋವು ಕಡಿಮೆ.

ಮೆಮೊರಿ ವಿಷಯ. ಹತ್ತು ಸಲ ಕೂರುವುದಿಲ್ಲ. ಲೋಡರ್ ಫೈಲನ್ನು ಓದಿ ನಕಲು ಮಾಡುವುದಿಲ್ಲ, ಎಂಮ್ಯಾಪ್ ಮಾಡುತ್ತದೆ, ಅಂದರೆ ಫೈಲಿನ ಪುಟಗಳನ್ನೇ ಮೆಮೊರಿಯ ವಿಳಾಸಗಳಿಗೆ ಜೋಡಿಸುತ್ತದೆ. ಕೋಡ್ ಇರುವ ಪುಟಗಳನ್ನು ಯಾರೂ ತಿದ್ದುವುದಿಲ್ಲ, ಹಾಗಾಗಿ ಕರ್ನಲ್ ಒಂದೇ ಪ್ರತಿಯನ್ನು ಹತ್ತೂ ಪ್ರೋಸೆಸ್‌ಗೆ ತೋರಿಸುತ್ತದೆ. ತಿದ್ದುವಂಥ ಡೇಟಾ ಪುಟಗಳು ಮಾತ್ರ, ಯಾರಾದರೂ ಮುಟ್ಟಿದಾಗ, ಅವರಿಗೆ ಬೇರೆ ಪ್ರತಿ ಆಗುತ್ತವೆ. ಒಂದೊಂದು ಪ್ರೋಸೆಸ್‌ನಲ್ಲಿ ಲೈಬ್ರರಿ ಬೇರೆ ಬೇರೆ ವಿಳಾಸದಲ್ಲಿ ಕೂರಬಹುದು. ಆದರೂ ಕೋಡ್ ತಿದ್ದದೆ ಹೇಗೆ ನಡೆಯುತ್ತದೆ ಅಂತ ನೀವು ಕೇಳೇ ಕೇಳುತ್ತೀರಿ, ಗಣಿತದವರು. ಕೋಡ್‌ನಲ್ಲಿ ವಿಳಾಸವನ್ನೇ ಬರೆದಿರುವುದಿಲ್ಲ. ‘ಇಲ್ಲಿಂದ ಇಷ್ಟು ದೂರದಲ್ಲಿ ಒಂದು ಕೋಷ್ಟಕ ಇದೆ, ಅದರ ಇಂಥ ಮನೆಯಲ್ಲಿರುವ ವಿಳಾಸಕ್ಕೆ ಹೋಗು’ ಅಂತ ಬರೆದಿರುತ್ತದೆ. ಆ ಕೋಷ್ಟಕದ ಹೆಸರು ಗಾಟ್. ಅದು ಡೇಟಾ ಪುಟದಲ್ಲಿದೆ, ಪ್ರತಿ ಪ್ರೋಸೆಸ್‌ಗೂ ಅದರದ್ದೇ. ಲೋಡರ್ ತುಂಬುವುದು ಅದನ್ನು.

ಮೊದಲೆಲ್ಲ ಗಾಟ್‌ನ ಮನೆಗಳನ್ನು ಫಂಕ್ಷನ್ ಮೊದಲ ಸಲ ಕರೆದಾಗಷ್ಟೇ ತುಂಬುತ್ತಿದ್ದರು. ಸಾವಿರ ಫಂಕ್ಷನ್ ಇದ್ದು ಹತ್ತು ಬಳಸಿದರೆ ಹತ್ತಕ್ಕೆ ಮಾತ್ರ ಹುಡುಕಾಟ. ಈಚೆಗೆ ಉಬುಂಟು ಥರದವರು ಶುರುವಿನಲ್ಲೇ ಎಲ್ಲವನ್ನೂ ತುಂಬಿ, ಆ ಕೋಷ್ಟಕವನ್ನು ತಿದ್ದಲಾಗದಂತೆ ಬೀಗ ಹಾಕುತ್ತಾರೆ, ದಾಳಿಕೋರರು ಅದನ್ನು ತಿದ್ದಿ ಓಟವನ್ನು ಬೇರೆಡೆಗೆ ತಿರುಗಿಸಬಾರದು ಅಂತ. ಡಿಎಲ್‌ಓಪನ್‌ನಿಂದ ತಂದ ಫ್ರಿಬಿಡಿಯ ಫಂಕ್ಷನ್‌ಗಳನ್ನು ಪಿಲ್ಲೋ ಕರೆಯುವುದು ಮಾತ್ರ ಹೀಗೆ ಲೋಡರ್ ತುಂಬಿದ ಮನೆಗಳ ಮೂಲಕ ಅಲ್ಲ. ಪಿಲ್ಲೋ ಡಿಎಲ್‌ಸಿಮ್ ಕರೆದು ‘ಈ ಹೆಸರಿನ ಫಂಕ್ಷನ್ ಎಲ್ಲಿದೆ’ ಅಂತ ಒಂದೊಂದೇ ಕೇಳಿ ವಿಳಾಸ ಬರೆದಿಟ್ಟುಕೊಳ್ಳುತ್ತದೆ.

ಹೀಗೆ ಎಂಮ್ಯಾಪ್ ಆಗಿರುವುದರಿಂದ ಒಂದು ಮಾತು ನೆನಪಿಡಿ. ಪ್ರೋಗ್ರಾಂ ಓಡುತ್ತಿರುವಾಗ ಆ ಎಸ್‌ಓ ಫೈಲಿನ ಮೇಲೆಯೇ ‘ಸಿಪಿ’ ಹಾಕಿ ಹೊಸದನ್ನು ಸುರಿಯಬೇಡಿ. ಓಡುತ್ತಿರುವ ಪ್ರೋಗ್ರಾಂನ ಕಾಲ ಕೆಳಗಿನ ಪುಟವೇ ಬದಲಾಗಿ ಅದು ಕುಸಿದುಬೀಳಬಹುದು. ಹೊಸದನ್ನು ಬೇರೆ ಹೆಸರಲ್ಲಿ ನಕಲಿಸಿ ‘ಎಂವಿ’ ಮಾಡಿ. ಪ್ಯಾಕೇಜ್ ಮ್ಯಾನೇಜರ್ ಮಾಡುವುದೂ ಹಾಗೇ. ಆಗ ಹಳೆಯ ಪ್ರೋಸೆಸ್ ಹಳೇ ಫೈಲನ್ನೇ ಹಿಡಿದುಕೊಂಡಿರುತ್ತದೆ, ಮ್ಯಾಪ್ಸ್‌ನಲ್ಲಿ ಅದರ ಪಕ್ಕ ‘ಡಿಲೀಟೆಡ್’ ಅಂತ ಕಾಣುತ್ತದೆ. ಅಪ್‌ಡೇಟ್ ಆದ ಮೇಲೆ ಸರ್ವಿಸ್ ರೀಸ್ಟಾರ್ಟ್ ಮಾಡಿ ಅನ್ನುವುದು ಇದಕ್ಕೇ. ಮಾಡದಿದ್ದರೆ ರಿಪೇರಿಯಾದ ಲೈಬ್ರರಿ ಡಿಸ್ಕ್‌ನಲ್ಲಿ ಇರುತ್ತದೆ, ತೂತು ಬಿದ್ದದ್ದು ಓಡುತ್ತಿರುತ್ತದೆ.

ಸಣ್ಣ_ಇಮೇಜ್

ಸ್ಲಿಮ್ ಬದಲು ಆಲ್ಪೈನ್ ಲಿನಕ್ಸ್ ಇಮೇಜ್ ಹಾಕಿ, ಇಮೇಜ್ ಇನ್ನೂ ಚಿಕ್ಕದಾಗುತ್ತದೆ.

ಹಳೇ_ಟರ್ಮಿನಲ್

ಆಗುತ್ತದೆ. ಅಲ್ಲಿ ಪ್ಯಾಕೇಜ್ ಹೆಸರು ಬರೀ ಫ್ರಿಬಿಡಿ, ‘ಎಪಿಕೆ ಆ್ಯಡ್’ ಮಾಡಿ. ಆದರೆ ಆಲ್ಪೈನ್‌ನಲ್ಲಿ ಇರುವುದು ಗ್ಲಿಬ್‌ಸಿ ಅಲ್ಲ, ಮಸಲ್ ಅನ್ನುವ ಬೇರೆ ಲಿಬ್‌ಸಿ. ಲೋಡರ್ರೇ ಬೇರೆ. ಎಲ್‌ಡಿ_ಡಿಬಗ್ ಇಲ್ಲ, ಎಲ್‌ಡಿ.ಎಸ್‌ಓ.ಕ್ಯಾಶ್ ಇಲ್ಲ. ಮೇಷ್ಟ್ರು ತಮ್ಮ ಉಬುಂಟುವಿನ ಯಾವುದಾದರೂ ಪ್ರೋಗ್ರಾಂ ಅಲ್ಲಿಗೆ ಒಯ್ದರೆ ‘ನಾಟ್ ಫೌಂಡ್’ ಅಥವಾ ‘ನೋ ಸಚ್ ಫೈಲ್’ ಅನ್ನುತ್ತದೆ. ಎಲ್‌ಎಸ್ ಮಾಡಿದರೆ ಫೈಲ್ ಎದುರಿಗೇ ಇರುತ್ತದೆ, ಎಕ್ಸಿಕ್ಯೂಟ್ ಅನುಮತಿಯೂ ಇರುತ್ತದೆ. ಇಲ್ಲದಿರುವುದು ಇಂಟರ್ಪ್ ಸಾಲಿನಲ್ಲಿ ಬರೆದ ಲೋಡರ್. ಕರ್ನಲ್ ಯಾವ ಫೈಲ್ ಇಲ್ಲ ಅಂತ ಹೆಸರು ಹೇಳುವುದಿಲ್ಲ, ಶೆಲ್ ನೀವು ಟೈಪ್ ಮಾಡಿದ ಹೆಸರನ್ನೇ ಮುಂದೆ ಹಚ್ಚಿ ತೋರಿಸುತ್ತದೆ. ಇಷ್ಟು ದಾರಿ ತಪ್ಪಿಸುವ ಎರರ್ ಲಿನಕ್ಸ್‌ನಲ್ಲಿ ಇನ್ನೊಂದಿಲ್ಲ. ಕೆಲವು ಎಂಬಿ ಉಳಿಸಲು ನಾನಂತೂ ಹೋಗುವುದಿಲ್ಲ.

ಎಂ1_ಮನೆಯವರು

ನನ್ನದು ಎಂ1 ಮ್ಯಾಕ್. ಹೋಮ್‌ಬ್ರೂನಿಂದ ಫ್ರಿಬಿಡಿ ಹಾಕಿದೆ. ಆದರೂ ರಕ್ಮ್ ಫಾಲ್ಸ್. ಹಳೇ ಇಂಟೆಲ್ ಮ್ಯಾಕ್‌ನಲ್ಲಿ ಹಾಕಿದ ಕೂಡಲೇ ಬಂದಿತ್ತು.

ಹಳೇ_ಟರ್ಮಿನಲ್

ಇಂಟೆಲ್ ಮ್ಯಾಕ್‌ನಲ್ಲಿ ಹೋಮ್‌ಬ್ರೂ /ಯುಎಸ್‌ಆರ್/ಲೋಕಲ್ ಕೆಳಗೆ ಹಾಕುತ್ತಿತ್ತು. ಮ್ಯಾಕ್‌ನ ಲೋಡರ್ ಡಿವೈಎಲ್‌ಡಿ ಅಲ್ಲಿ ತಾನಾಗಿ ನೋಡುತ್ತದೆ. ನಿಮ್ಮದರಲ್ಲಿ ಅದು /ಓಪಿಟಿ/ಹೋಮ್‌ಬ್ರೂ/ಲಿಬ್. ಅಲ್ಲಿ ನೋಡುವುದಿಲ್ಲ. ಪೈಥಾನ್ ಓಡಿಸುವ ಸಾಲಿನ ಮುಂದೆಯೇ ಡಿವೈಎಲ್‌ಡಿ_ಫಾಲ್‌ಬ್ಯಾಕ್_ಲೈಬ್ರರಿ_ಪಾತ್‌ಗೆ ಆ ಫೋಲ್ಡರ್ ಕೊಟ್ಟು ನೋಡಿ. ಹೋಮ್‌ಬ್ರೂ ಪೈಥಾನ್ ಬಳಸಿ. ಆ್ಯಪಲ್ ಕೊಟ್ಟಿರುವ /ಯುಎಸ್‌ಆರ್/ಬಿನ್ ಒಳಗಿನದ್ದು ಬೇಡ, ರಕ್ಷಣೆ ಇರುವ ಪ್ರೋಗ್ರಾಂ ಶುರುವಾಗುವಾಗ ಮ್ಯಾಕ್ ಈ ವೇರಿಯಬಲ್‌ಗಳನ್ನು ಕಿತ್ತುಹಾಕುತ್ತದೆ. ಮಧ್ಯೆ /ಬಿನ್/ಎಸ್‌ಎಚ್ ಸ್ಕ್ರಿಪ್ಟ್ ಬಂದರೂ ಅದೇ ಗತಿ.

ಮ್ಯಾಕ್‌ನಲ್ಲಿ ಫೈಲ್ ಇದೆಯಾ ಅಂತ ಎಲ್‌ಎಸ್ ಮಾಡಿ ತೀರ್ಮಾನಕ್ಕೆ ಬರಬೇಡಿ. 2020ರ ಬಿಗ್ ಸರ್‌ನಿಂದ ಸಿಸ್ಟಂನ ಲೈಬ್ರರಿಗಳು ಬೇರೆ ಬೇರೆ ಫೈಲ್‌ಗಳಾಗಿ ಡಿಸ್ಕ್‌ನಲ್ಲಿ ಇರುವುದೇ ಇಲ್ಲ, ಎಲ್ಲ ಒಂದು ದೊಡ್ಡ ಕ್ಯಾಶ್ ಒಳಗೆ. ಆ ದಾರಿಯಲ್ಲಿ ಫೈಲ್ ಇರುವುದಿಲ್ಲ, ಡಿಎಲ್‌ಓಪನ್ ಮಾತ್ರ ಗೆಲ್ಲುತ್ತದೆ.

ಮೇಷ್ಟ್ರು_ಸಾಗರ

ಸಿಡಿಎಲ್ಎಲ್ ದಾರಿ ಗೆಳೆಯರ ಹೋಸ್ಟಿಂಗ್‌ನಲ್ಲಿ ಕೆಲಸ ಮಾಡಿತು ಸರ್. ಗ್ಲಿಬ್‌ಸಿ ಜಗಳವೂ ಬರಲಿಲ್ಲ.

ಈಗ ರಕ್ಮ್ ಚಾಲೂ ಆದ ಮೇಲೆ ಹೊಸದೊಂದು. ‘ಪ್ರಥಮ ರ‍್ಯಾಂಕ್’ ಅಂತ ಬರಬೇಕಾದ ಕಡೆ ‘ರ್ಯಾಂಕ್’ ಅಂತ, ‘ಯಾ’ ಪಕ್ಕ ಅರ್ಕಾವತ್ತು ಹಾಕಿ ಬರುತ್ತಿದೆ. ಇದೂ ಯಾವುದಾದರೂ ಲೈಬ್ರರಿ ಸಿಗದೆ ಆಗುತ್ತಿದೆಯಾ?

ಹಳೇ_ಟರ್ಮಿನಲ್

ಇಲ್ಲ ಮೇಷ್ಟ್ರೇ, ಲೋಡರ್ ಪಾಪ, ಇದರಲ್ಲಿ ಅದರ ಪಾಲಿಲ್ಲ. ಹಾರ್ಫ್‌ಬಜ್ ನಿಯಮದ ಪ್ರಕಾರವೇ ನಡೆದಿದೆ. ರ, ಹಲಂತ, ಯ ಅಂತ ಸಾಲಾಗಿ ಬಂದರೆ ಅದು ಅರ್ಕಾವತ್ತೇ. ಎಕ್ಸೆಲ್ ಹಾಳೆಯಲ್ಲಿ ರ ಆದ ಮೇಲೆ, ಹಲಂತದ ಮುಂಚೆ, ಝಡ್‌ಡಬ್ಲ್ಯೂಜೆ (ಕಣ್ಣಿಗೆ ಕಾಣದ ಜೋಡಿಸುವ ಗುರುತು) ಸೇರಿಸಿ, ಯೂನಿಕೋಡ್ ಸಂಖ್ಯೆ 200ಡಿ. ಬರೀ ಈ ಪದಕ್ಕಾದರೆ ಪೈಥಾನ್‌ನಲ್ಲೇ ರೀಪ್ಲೇಸ್ ಹಾಕಿಬಿಡಿ. ‘ಸೂರ್ಯ’, ‘ಆರ್ಯ’ ಅಂತ ಹೆಸರಿರುವ ಮಕ್ಕಳಿರುತ್ತಾರೆ, ಅದಕ್ಕೇ ಇಡೀ ಹಾಳೆಗೆ ಹಾಕಬೇಡಿ.